ಪರದೇಶದಲ್ಲಿ ಕಳೆದ ಕಾಗದ, ಊರಿನಲ್ಲಿ ಉಳಿದ ಸಾಕ್ಷ್ಯ

ಮನುಷ್ಯನು ತನ್ನ ಊರಿನ ಎಲ್ಲೆಯೊಳಗೆ ಇರುವಷ್ಟು ಕಾಲ ತಾನು ಯಾರೆಂಬುದನ್ನು ಪ್ರಮಾಣಗಳಿಂದ ಸಾಧಿಸಿ ತೋರಿಸಬೇಕಾದ ಪ್ರಸಂಗವು ಬಹುಮಟ್ಟಿಗೆ ಒದಗುವುದೇ ಇಲ್ಲ. ಇಂಡಿಯಿಂದ ಬಂದ ಬಸ್ಸು ಸಾಲೋಟಗಿಯಲ್ಲಿ ನಿಂತು ಅದರಿಂದ ಒಬ್ಬ ತರುಣನು ಇಳಿದನೆಂದರೆ, ಅವನು ಯಾರ ಮಗ, ಯಾರ ಅಳಿಯ, ಅವನ ಮನೆಯವರ ಲಿಂಬೆಯ ತೋಟವು ಯಾವ ದಿಕ್ಕಿನಲ್ಲಿದೆ ಎಂಬುದನ್ನು ಕಟ್ಟೆಯ ಮೇಲೆ ಕುಳಿತ ಹಿರಿಯರು ಅವನ ನಡಿಗೆಯನ್ನು ನೋಡಿಯೇ ಹೇಳಬಲ್ಲರು. ಅದೇ ತರುಣನು ಸೌದಿ ಅರೇಬಿಯದ ದಮ್ಮಾಮಿನಲ್ಲಿಯೋ ದುಬೈಯ ಕಾರ್ಮಿಕರ ಬಿಡಾರದಲ್ಲಿಯೋ ಇರುವಾಗ, ಪಾಸ್‌ಪೋರ್ಟು, ಆ ದೇಶದ ನಿವಾಸದ ಗುರುತುಚೀಟಿ, ಬ್ಯಾಂಕಿನ ಕಾರ್ಡು ಮೂರನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡಿದ್ದು, ಆ ಚೀಲವನ್ನು ಕಳೆದುಕೊಂಡನೆಂದರೆ, ಆ ಕ್ಷಣದಿಂದ ಅವನು ಯಾರೂ ಅಲ್ಲ. ಅವನ ಕೈಕಾಲು, ಕಸುಬು, ಒಳ್ಳೆಯ ಹೆಸರು ಎಲ್ಲವೂ ಮೊದಲಿನಂತೆಯೇ ಇದ್ದರೂ ಪರರಾಜ್ಯದ ಕಣ್ಣಿಗೆ ಅವನು ನಾಮಗೋತ್ರಗಳಿಲ್ಲದ ಒಂದು ದೇಹಮಾತ್ರ.

ಈ ಊರಿನ ಮಟ್ಟಿಗೆ ಈ ವಿಷಯವು ಹೊರಗಿನದಲ್ಲ. ನಮ್ಮ ಸಾಲೋಟಗಿಯ ಶಿಲಾಸ್ತಂಭಶಾಸನವು ಕ್ರಿ.ಶ. 945ರದು; ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ಮಾನ್ಯಖೇಟದಿಂದ ಆಳುತ್ತಿದ್ದಾಗ ಅವನ ಮಂತ್ರಿಯಾದ ನಾರಾಯಣನು ಇಲ್ಲಿ, ಅಂದು ಪಾವಿಟ್ಟಗೆ ಎನಿಸಿಕೊಂಡಿದ್ದ ಅಗ್ರಹಾರದಲ್ಲಿ, ವಿದ್ಯಾಶಾಲೆಯೊಂದನ್ನು ಕಟ್ಟಿಸಿದ ವೃತ್ತಾಂತವನ್ನು ಅದು ಹೇಳುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆಂದು 27 ಮನೆಗಳನ್ನೂ, ಅವರು ರಾತ್ರಿ ಓದುವ ದೀಪದ ಎಣ್ಣೆಗೆಂದು 12 ನಿವರ್ತನ ಭೂಮಿಯನ್ನೂ ಬಿಟ್ಟುಕೊಟ್ಟ ವಿವರವು ಅದರಲ್ಲಿದೆ. ಒಂದು ಕಾಲಕ್ಕೆ ಪರದೇಶಿಗಳನ್ನು ಬರಮಾಡಿಕೊಂಡು ನೆಲೆ ಕೊಟ್ಟ ಈ ನೆಲದಿಂದ ಇಂದು ನಮ್ಮ ಮಕ್ಕಳು ಪರದೇಶಿಗಳಾಗಿ ಹೊರಡುತ್ತಿದ್ದಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಕೊಲ್ಲಿಯ ರಾಜ್ಯಗಳಿಗೆ ದುಡಿಮೆಗೆ ಹೋಗುವವರು, ವೈದ್ಯಕೀಯ ವಿದ್ಯೆಗಾಗಿ ದೂರದ ಶೀತದೇಶಗಳಿಗೆ ಹೋಗುವವರು, ಮಕ್ಕಾ ಮದೀನಗಳ ಯಾತ್ರೆಗೆ ಹೋಗುವ ವೃದ್ಧರು, ಇವರೆಲ್ಲರ ವಿಷಯದಲ್ಲಿ ನಮ್ಮ ಮನೆಗಳು ಕಣ್ಣೀರಿನಿಂದ ಬೀಳ್ಕೊಡುವುದನ್ನು ಬಲ್ಲವೇ ಹೊರತು, ಅವರ ಕಾಗದಗಳು ಕಳೆದುಹೋದ ದಿನ ಏನು ಮಾಡತಕ್ಕದ್ದೆಂಬುದನ್ನು ಅರಿಯವು. ಆ ಅರಿವು ಹೋದವನಿಗಿಂತ ಮನೆಯಲ್ಲಿ ಉಳಿದವರಿಗೇ ಹೆಚ್ಚು ಅವಶ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಪರದೇಶದಲ್ಲಿ ಕಳೆದ ಕಾಗದವು ಮರಳಿ ಹುಟ್ಟುವುದು ಕೊನೆಗೂ ಊರಿನ ಸಾಕ್ಷ್ಯದಿಂದಲೇ.

ಪಾಸ್‌ಪೋರ್ಟು ಎಂಬ ವಸ್ತುವಿಗೆ ನಾವು ಭಾವಿಸುವಷ್ಟು ವಯಸ್ಸಾಗಿಲ್ಲ. ಮೊದಲನೆಯ ಮಹಾಯುದ್ಧದ ಕಾಲದ ಭಯಗಳಿಂದ ಹುಟ್ಟಿ, 1920ರ ಕಾಯಿದೆಯಿಂದ ನೆಲೆಗೊಂಡ ಈ ಪದ್ಧತಿಯಲ್ಲಿ, ಪಾಸ್‌ಪೋರ್ಟನ್ನು ಕೊಡುವುದೂ ಬಿಡುವುದೂ ಬಹುಕಾಲ ಸರ್ಕಾರದ ಇಚ್ಛೆಗೆ ಸೇರಿದ್ದಾಗಿತ್ತು. 1967ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸತ್ವಂತ್ ಸಿಂಗ್ ಸಾಹ್ನಿಯವರ ಮೊಕದ್ದಮೆಯಲ್ಲಿ, ಹೊರದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೆಯ ಅನುಚ್ಛೇದವು ಹೇಳುವ ಸ್ವಾತಂತ್ರ್ಯದಲ್ಲಿ ಅಡಗಿದೆಯೆಂದು ತೀರ್ಪು ಕೊಟ್ಟ ಮೇಲೆ, ಅದೇ ವರ್ಷ ಪಾಸ್‌ಪೋರ್ಟುಗಳ ಅಧಿನಿಯಮವು ಜಾರಿಗೆ ಬಂದಿತು. ಆ ಅಧಿನಿಯಮದ 17ನೆಯ ಪ್ರಕರಣವು ಒಂದೇ ವಾಕ್ಯದಲ್ಲಿ ಹೇಳುವ ಸಂಗತಿಯನ್ನು ನಮ್ಮ ಪ್ರತಿಯೊಬ್ಬ ದುಡಿಮೆಗಾರನೂ ಕಂಠಪಾಠ ಮಾಡಬೇಕು: ಪಾಸ್‌ಪೋರ್ಟು ಎಂದೆಂದಿಗೂ ಕೇಂದ್ರ ಸರ್ಕಾರದ ಸ್ವತ್ತು. ಹಿಡಿದಿರುವವನಿಗೆ ಅದು ನ್ಯಾಸರೂಪದಲ್ಲಿ ಬಂದದ್ದು. ಅಂದಮೇಲೆ ಅವನಿಗೆ ಕೆಲಸ ಕೊಟ್ಟವನಿಗೆ ಅದರ ಮೇಲೆ ಯಾವ ಅಧಿಕಾರವಿದ್ದೀತು?

ಈ ಪ್ರಶ್ನೆಯನ್ನು ಒತ್ತಿ ಕೇಳುವುದಕ್ಕೆ ಕಾರಣವಿದೆ. ಕಾಗದಗಳ ನಷ್ಟವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಜೇಬುಗಳ್ಳರ ಚಿತ್ರ. ಪ್ಯಾರಿಸ್ಸಿನಲ್ಲಿಯೋ ರೋಮಿನಲ್ಲಿಯೋ ಪ್ರವಾಸ ಮಾಡುವ ಶ್ರೀಮಂತರಿಗೆ ಅದು ನಿಜವೂ ಹೌದು. ಆದರೆ ನಮ್ಮ ಸೀಮೆಯ ಬಡ ದುಡಿಮೆಗಾರನ ಪಾಸ್‌ಪೋರ್ಟು ಅನೇಕವೇಳೆ ಕಳೆಯುವುದೂ ಇಲ್ಲ, ಕಳುವಾಗುವುದೂ ಇಲ್ಲ. ಅವನು ವಿಮಾನದಿಂದ ಇಳಿದ ದಿನವೇ ‘ಜೋಪಾನವಾಗಿ ಇಡುತ್ತೇವೆ’ ಎಂಬ ಮಾತಿನೊಡನೆ ಕಫೀಲನ, ಎಂದರೆ ಅವನನ್ನು ಕರೆಸಿಕೊಂಡ ಮಾಲೀಕನ, ಕಪಾಟಿಗೆ ಸೇರುತ್ತದೆ. ಮುಂದೆ ಸಂಬಳ ನಿಂತಾಗ, ತಾಯಿ ತೀರಿಕೊಂಡ ಸುದ್ದಿ ಬಂದಾಗ, ಕಂಪನಿಯೇ ಬಾಗಿಲು ಹಾಕಿದಾಗ, ಆ ಕಪಾಟಿನ ಕೀಲಿಕೈ ಎಲ್ಲಿದೆಯೆಂದು ಹೇಳುವವರು ಇರುವುದಿಲ್ಲ. ಇದನ್ನು ಆ ದೇಶಗಳ ಕಾನೂನುಗಳೇ ಇಂದು ಒಪ್ಪುವುದಿಲ್ಲ. ಕತಾರಿನ 2015ರ 21ನೆಯ ಕಾನೂನು ಪಾಸ್‌ಪೋರ್ಟನ್ನು ತಡೆಹಿಡಿಯುವ ಮಾಲೀಕನಿಗೆ 25,000 ರಿಯಾಲಿನವರೆಗೆ ದಂಡ ವಿಧಿಸುತ್ತದೆ. ಮನೆಗೆಲಸದವರಿಗೆ ಸಂಬಂಧಿಸಿದ ಕುವೈತಿನ 2015ರ ಕಾನೂನೂ ಅದನ್ನು ನಿಷೇಧಿಸಿದೆ. ಭಾರತದಲ್ಲಂತೂ, ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವು ಪಾಸ್‌ಪೋರ್ಟ್ ಅಧಿಕಾರಿಗೆ ಮಾತ್ರ ಉಂಟು, ಪೊಲೀಸರಿಗೂ ಇಲ್ಲ ಎಂದು ಸುರೇಶ್ ನಂದಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿಯೇ ಹೇಳಿದೆ. ಕಾನೂನು ಹೀಗಿದ್ದರೂ ರೂಢಿಯು ಬೇರೆಯಾಗಿಯೇ ಉಳಿದಿರುವುದು ದುಃಖದ ಸಂಗತಿ.

ಆ ರೂಢಿಯ ಪರಿಣಾಮವು ಎಷ್ಟು ಘೋರವಾಗಬಲ್ಲದೆಂಬುದನ್ನು 1990 ತೋರಿಸಿಕೊಟ್ಟಿತು. ಆಗಸ್ಟ್ 2ರಂದು ಇರಾಕಿನ ಸೈನ್ಯವು ಕುವೈತನ್ನು ಆಕ್ರಮಿಸಿದಾಗ ಅಲ್ಲಿ ಲಕ್ಷಕ್ಕೂ ಮಿಕ್ಕ ಭಾರತೀಯರಿದ್ದರು. ಮಂಗಳೂರು, ಉಡುಪಿ, ಭಟ್ಕಳಗಳ ಕಡೆಯ ಕನ್ನಡನಾಡಿನವರೂ ಅವರಲ್ಲಿ ಸೇರಿದ್ದರು. ಬ್ಯಾಂಕುಗಳು ಮುಚ್ಚಿದವು, ಕುವೈತಿನ ದಿನಾರು ಬೆಲೆ ಕಳೆದುಕೊಂಡಿತು, ಮಾಲೀಕರು ಓಡಿಹೋದರು, ಅವರ ಕಪಾಟುಗಳಲ್ಲಿ ದುಡಿಮೆಗಾರರ ಪಾಸ್‌ಪೋರ್ಟುಗಳು ಉಳಿದವು. ಮರುಭೂಮಿಯನ್ನು ದಾಟಿ ಜೋರ್ಡಾನಿನ ಅಮ್ಮಾನಿಗೆ ಬಂದು ಸೇರಿದವರನ್ನು ಸುಮಾರು ಎರಡು ತಿಂಗಳ ಕಾಲ ಏರ್ ಇಂಡಿಯಾದ 488 ಹಾರಾಟಗಳು ಮುಂಬಯಿಗೆ ಹೊತ್ತು ತಂದವು. ಹೀಗೆ ಪಾರಾದವರ ಸಂಖ್ಯೆ ಸುಮಾರು 1,70,000 ಎನ್ನುತ್ತಾರೆ. ಕೈಯಲ್ಲಿ ಪಾಸ್‌ಪೋರ್ಟು ಇಲ್ಲದವರಿಗೆ ರಾಯಭಾರ ಕಛೇರಿಯವರು ತಾತ್ಕಾಲಿಕ ಪ್ರಯಾಣಪತ್ರಗಳನ್ನು ಬರೆದುಕೊಟ್ಟು ಕಳುಹಿಸಬೇಕಾಯಿತು.

ಕಥೆಯು ಅಲ್ಲಿಗೆ ಮುಗಿಯಲಿಲ್ಲ. 1991ರಲ್ಲಿ ವಿಶ್ವಸಂಸ್ಥೆಯು ನಷ್ಟಪರಿಹಾರದ ಆಯೋಗವೊಂದನ್ನು ಸ್ಥಾಪಿಸಿದಾಗ ಪ್ರಪಂಚದ ನಾನಾ ದೇಶಗಳಿಂದ ಸುಮಾರು 27 ಲಕ್ಷ ಅರ್ಜಿಗಳು ಅದರ ಮುಂದೆ ಬಂದವು. ಅವುಗಳಲ್ಲಿ ಮೊದಲ ವರ್ಗದ ಅರ್ಜಿದಾರನು ಸಾಬೀತುಪಡಿಸಬೇಕಾದದ್ದು ಇಷ್ಟೇ: 1990ರ ಆಗಸ್ಟ್ 2ಕ್ಕೂ 1991ರ ಮಾರ್ಚ್ 2ಕ್ಕೂ ನಡುವೆ ತಾನು ಕುವೈತನ್ನೋ ಇರಾಕನ್ನೋ ಬಿಟ್ಟು ಬಂದದ್ದು ನಿಜವೆಂಬುದು. ಅಷ್ಟನ್ನು ತೋರಿಸಿದ ಏಕವ್ಯಕ್ತಿಗೆ 2,500 ಡಾಲರು, ಕುಟುಂಬಕ್ಕೆ 5,000 ಡಾಲರು ನಿಗದಿಯಾಗಿತ್ತು. ಪ್ರಾಣವುಳಿದರೆ ಸಾಕೆಂದು ಓಡಿಬಂದವನು ಅಂದು ಗಮನಿಸದೆ ಜೇಬಿನಲ್ಲಿ ಮಡಿಸಿಟ್ಟುಕೊಂಡಿದ್ದ ಒಂದು ಮುದ್ರೆ, ಒಂದು ದಿನಾಂಕ, ಒಂದು ಟಿಕೆಟಿನ ಹರಿದ ತುಂಡು ಮುಂದೆ ಅವನ ಮಕ್ಕಳ ಓದಿಗೆ ಆಧಾರವಾಗಬಹುದಾಗಿತ್ತು. ಸಂಕಟದ ಕಾಲದಲ್ಲಿ ಕೈಗೆ ಬಂದ ಯಾವ ಚೀಟಿಯನ್ನೂ, ಅದು ಎಷ್ಟೇ ಕ್ಷುದ್ರವೆಂದು ತೋರಿದರೂ, ಬಿಸಾಡಬಾರದೆಂದು ನಾನು ಆಗ್ರಹಪೂರ್ವಕವಾಗಿ ಹೇಳುವುದು ಇದನ್ನು ನೆನೆದೇ.

ಹತ್ತಿರದ ಉದಾಹರಣೆಯೂ ಉಂಟು. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಅಂತರ್ಯುದ್ಧವು ಭುಗಿಲೆದ್ದಾಗ, ವನಸ್ಪತಿಯ ಔಷಧಗಳನ್ನು ಮಾರಲು ಹೋಗಿದ್ದ ನಮ್ಮ ನಾಡಿನ ಹಕ್ಕಿಪಿಕ್ಕಿ ಜನರು ಅಲ್ಲಿ ಸಿಕ್ಕಿಬಿದ್ದರು. ಆಪರೇಷನ್ ಕಾವೇರಿ ಎಂಬ ಹೆಸರಿನಿಂದ ಭಾರತ ಸರ್ಕಾರವು 3,862 ಮಂದಿಯನ್ನು ಅಲ್ಲಿಂದ ಕರೆತಂದಿತು. ಗುಂಡಿನ ಸುರಿಮಳೆಯನ್ನು ದಾಟಿ ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ಇಳಿದವರಲ್ಲಿ ಕೆಲವರನ್ನು, ಹಳದಿಜ್ವರದ ಲಸಿಕೆಯ ಪ್ರಮಾಣಪತ್ರವು ಇಲ್ಲವೆಂಬ ಕಾರಣಕ್ಕೆ ಪ್ರತ್ಯೇಕವಾಗಿ ನಿಲ್ಲಿಸಲಾಯಿತು. ನಿಯಮವು ಸಾರ್ವಜನಿಕರ ಹಿತಕ್ಕಾಗಿಯೇ ಇರತಕ್ಕದ್ದಾದರೂ, ಪಾಸ್‌ಪೋರ್ಟಿನಷ್ಟೇ ಮುಖ್ಯವಾದ ಇಂಥ ಚಿಕ್ಕ ಹಳದಿ ಪುಸ್ತಕವೊಂದು ಉಂಟೆಂಬುದನ್ನು ಆಫ್ರಿಕಕ್ಕೆ ಹೊರಟವರಿಗೆ ಮೊದಲೇ ಯಾರಾದರೂ ಹೇಳಿ, ಅದರ ನಕಲನ್ನು ಮನೆಯಲ್ಲಿ ಇರಿಸಿದ್ದರೆ ಒಳ್ಳೆಯದಲ್ಲವೆ?

ಇನ್ನು ನಷ್ಟವು ಸಂಭವಿಸಿದ ಮೇಲಿನ ಕ್ರಮ. ಮೊದಲು ಆ ಸ್ಥಳದ ಪೊಲೀಸರಲ್ಲಿ ದೂರು. ಅದು ಅರಬ್ಬಿಯಲ್ಲಿರಲಿ ಜರ್ಮನಿನಲ್ಲಿರಲಿ, ಮುದ್ರೆಯೊತ್ತಿದ ಒಂದು ಪ್ರತಿಯನ್ನು ಪಡೆಯದೆ ಠಾಣೆಯಿಂದ ಹೊರಗೆ ಬರಬಾರದು, ಏಕೆಂದರೆ ಮುಂದಿನ ಪ್ರತಿಯೊಂದು ಬಾಗಿಲಿನಲ್ಲಿಯೂ ಅದನ್ನೇ ಕೇಳುತ್ತಾರೆ. ಆ ಬಳಿಕ ಭಾರತದ ರಾಯಭಾರ ಕಛೇರಿ ಅಥವಾ ಕಾನ್ಸುಲೇಟು. ಅಲ್ಲಿ ಎರಡು ಮಾರ್ಗಗಳಿವೆ. ಆ ದೇಶದಲ್ಲಿ ಇನ್ನೂ ನಿಲ್ಲಬೇಕಾದವನು ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕು. ಕೂಡಲೇ ಮರಳಬೇಕಾದವನಿಗೆ ತುರ್ತು ಪ್ರಮಾಣಪತ್ರವು ದೊರೆಯುತ್ತದೆ. ಕೊಲ್ಲಿಯಲ್ಲಿ ನಮ್ಮವರು ಔಟ್‌ಪಾಸ್ ಎನ್ನುವುದು ಇದನ್ನೇ. ಬಿಳಿಯ ಹಾಳೆಯ ಈ ಪತ್ರವು ಭಾರತಕ್ಕೆ ಬರುವ ಏಕಮುಖ ಪ್ರಯಾಣಕ್ಕಲ್ಲದೆ ಮತ್ತಾವುದಕ್ಕೂ ಸಲ್ಲದು. ವೀಸಾ ಇದ್ದದ್ದು ಹಳೆಯ ಪಾಸ್‌ಪೋರ್ಟಿನಲ್ಲಾದ್ದರಿಂದ, ಆ ದೇಶವನ್ನು ಬಿಡುವುದಕ್ಕೆ ಆ ಸರ್ಕಾರದ ಅನುಮತಿಯೂ ಬೇರೆಯಾಗಿ ಬೇಕಾಗಬಹುದು. ಅಮೆರಿಕದಲ್ಲಂತೂ ಕಳೆದುಹೋದ ವೀಸಾವನ್ನು ಆ ದೇಶದೊಳಗೆ ಇದ್ದುಕೊಂಡೇ ಮರಳಿ ಪಡೆಯಲು ಬಾರದು. ಹೊರಗೆ ಬಂದು ಹೊಸದಾಗಿ ಬೇಡಬೇಕು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಕಳೆದುಹೋಯಿತೆಂದು ವರದಿ ಮಾಡಿದ ಪಾಸ್‌ಪೋರ್ಟು ಮರುದಿನವೇ ಹಾಸಿಗೆಯ ಕೆಳಗೆ ಸಿಕ್ಕಿದರೂ ಅದನ್ನು ಹಿಡಿದು ಪ್ರಯಾಣ ಮಾಡಲು ಹೊರಡಬಾರದು. 2002ರಿಂದ ಇಂಟರ್‌ಪೋಲ್ ಸಂಸ್ಥೆಯು ಕಳೆದ ಮತ್ತು ಕಳುವಾದ ಪ್ರಯಾಣಪತ್ರಗಳ ಸಂಖ್ಯೆಗಳನ್ನು ಒಂದು ಭಂಡಾರದಲ್ಲಿ ಕೂಡಿಸುತ್ತಿದ್ದು, ಅನೇಕ ದೇಶಗಳ ಗಡಿಯ ಅಧಿಕಾರಿಗಳು ಅದನ್ನು ನೋಡಿಯೇ ಬಾಗಿಲು ತೆರೆಯುತ್ತಾರೆ. ಆ ಪಟ್ಟಿಗೆ ಸೇರಿದ ಸಂಖ್ಯೆಯನ್ನು ಹಿಡಿದು ಬಂದವನು ತನ್ನ ಹೆಸರಿನ ಪಾಸ್‌ಪೋರ್ಟಿನಿಂದಲೇ ಕಳ್ಳನಂತೆ ಹಿಡಿಯಲ್ಪಡುವನು. ಸಿಕ್ಕಿದ್ದನ್ನು ರಾಯಭಾರ ಕಛೇರಿಗೆ ಒಪ್ಪಿಸುವುದೇ ಧರ್ಮ.

ಈಗ ಈ ಲೇಖನದ ಹೃದಯಕ್ಕೆ ಬರುತ್ತೇನೆ. ರಾಯಭಾರ ಕಛೇರಿಯ ಮೇಜಿನ ಮುಂದೆ ಬರಿಗೈಯಲ್ಲಿ ನಿಂತವನು ‘ನಾನು ಸಾಲೋಟಗಿಯವನು’ ಎಂದರೆ, ಅವರು ಅದನ್ನು ನಂಬುವುದು ಹೇಗೆ? ಹಳೆಯ ಪಾಸ್‌ಪೋರ್ಟಿನ ಸಂಖ್ಯೆಯೊಂದು ಇದ್ದರೆ ಗಣಕಯಂತ್ರದಲ್ಲಿ ಅವನ ಮುಖವೂ ವಿಳಾಸವೂ ಮೂಡುತ್ತವೆ. ಈ ಗಣಕೀಕೃತ ಪಾಸ್‌ಪೋರ್ಟ್ ಸೇವೆಯ ಪ್ರಥಮ ಪ್ರಯೋಗವು 2010ರಲ್ಲಿ ನಡೆದದ್ದು ನಮ್ಮ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿಯೇ ಎಂಬುದು ಸಂತೋಷದ ಮಾತು. ಆದರೆ ಸಂಖ್ಯೆಯೂ ಇಲ್ಲ, ನಕಲೂ ಇಲ್ಲ, ಹೆಸರು ಮಾತ್ರ ಉಂಟೆಂದಾದಾಗ, ಅವನು ಭಾರತೀಯನೆಂಬುದರ ವಿಚಾರಣೆಯು ದಿಲ್ಲಿಗೆ ಹೋಗಿ, ಅಲ್ಲಿಂದ ರಾಜ್ಯಕ್ಕೆ, ರಾಜ್ಯದಿಂದ ವಿಜಯಪುರದ ಜಿಲ್ಲಾ ಪೊಲೀಸರಿಗೆ, ಅಲ್ಲಿಂದ ಇಂಡಿಯ ಠಾಣೆಗೆ ಇಳಿದು, ಕಟ್ಟಕಡೆಗೆ ಒಬ್ಬ ಪೇದೆಯ ರೂಪದಲ್ಲಿ ಅವನ ಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಅಂದು ಮನೆಯವರು ಏನನ್ನು ತೋರಿಸುತ್ತಾರೆಂಬುದರ ಮೇಲೆ, ಸಾವಿರಾರು ಮೈಲಿಗಳಾಚೆ ನಿಂತವನು ನಾಳೆ ವಿಮಾನ ಹತ್ತುವನೋ ಇನ್ನೆರಡು ತಿಂಗಳು ಕಾಯುವನೋ ಎಂಬುದು ನಿಂತಿದೆ.

ಪ್ರಾಚೀನರೂ ಈ ನ್ಯಾಯವನ್ನು ಅರಿತಿದ್ದರು. ಇಂದಿನ ಛತ್ತೀಸಗಢದ ಕುರುದ್ ಎಂಬಲ್ಲಿ ದೊರೆತ, ಶರಭಪುರದ ಅರಸನಾದ ನರೇಂದ್ರನ ತಾಮ್ರಪಟವೊಂದು ಹೇಳುವ ಪ್ರಕಾರ, ಬ್ರಾಹ್ಮಣನೊಬ್ಬನಿಗೆ ಹಿಂದೆ ತಾಳೆಗರಿಯ ಮೇಲೆ ಬರೆದುಕೊಟ್ಟಿದ್ದ ದಾನಪತ್ರವು ಮನೆಗೆ ಬೆಂಕಿ ಬಿದ್ದು ಸುಟ್ಟುಹೋಗಿತ್ತು. ಅಧಿಕರಣದವರು, ಎಂದರೆ ಆ ಕಾಲದ ಸ್ಥಳೀಯ ಅಧಿಕಾರಿಗಳು, ವಿಚಾರಿಸಿ, ಆ ಊರನ್ನು ಅವನ ಮನೆಯವರು ಅವಿಚ್ಛಿನ್ನವಾಗಿ ಅನುಭವಿಸುತ್ತ ಬಂದದ್ದು ನಿಜವೆಂದು ಕಂಡುಕೊಂಡ ಮೇಲೆ, ಅರಸನು ಅವನ ಮಗನಿಗೆ ತಾಮ್ರದ ಮೇಲೆ ಹೊಸ ಶಾಸನವನ್ನು ಕೊಟ್ಟನು. ಪತ್ರವು ಸುಟ್ಟರೂ ಹಕ್ಕು ಸುಡಲಿಲ್ಲ, ಏಕೆಂದರೆ ಅದನ್ನು ಬಲ್ಲವರು ಸ್ಥಳದಲ್ಲಿದ್ದರು. ಇಂದು ಇಂಡಿಯ ಠಾಣೆಯಿಂದ ಬರುವ ಪೇದೆಯು ಮಾಡುವುದು ಆ ಅಧಿಕರಣದವರ ಕೆಲಸವನ್ನೇ.

ಆ ಪೇದೆಯ ಮುಂದೆ ಇಡುವ ಕಾಗದಗಳಲ್ಲಿ ಹೆಸರುಗಳು ಹೊಂದದಿರುವುದು ನಮ್ಮ ಸೀಮೆಯ ಒಂದು ವಿಶೇಷ ಸಂಕಟ. ಶಾಲೆಯ ದಾಖಲೆಯಲ್ಲಿ ಮಲ್ಲಪ್ಪ, ಆಧಾರದಲ್ಲಿ ಮಲ್ಲಿಕಾರ್ಜುನ. ಒಂದರಲ್ಲಿ ತಂದೆಯ ಹೆಸರಿನ ಬಳಿಕ ಬಿರಾದಾರ ಎಂಬ ಅಡ್ಡಹೆಸರು, ಮತ್ತೊಂದರಲ್ಲಿ ಅದಿಲ್ಲ, ಮೂರನೆಯದರಲ್ಲಿ ಅಡ್ಡಹೆಸರಿನ ಸ್ಥಾನದಲ್ಲಿ ಊರಿನ ಹೆಸರು. ಊರಿನಲ್ಲಿ ಇವೆಲ್ಲ ಒಬ್ಬನ ಹೆಸರುಗಳೇ ಎಂದು ಎಲ್ಲರೂ ಬಲ್ಲರು. ಪರದೇಶದ ಗುಮಾಸ್ತನಿಗೆ ಇವರು ಮೂವರು ಬೇರೆ ಮನುಷ್ಯರು. 2022ರ ನವೆಂಬರ್ 21ರಿಂದ ಸಂಯುಕ್ತ ಅರಬ್ ಸಂಸ್ಥಾನಗಳು ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರು ಮಾತ್ರ ಇರುವ ಪ್ರವಾಸಿಗಳ ಪ್ರವೇಶವನ್ನೇ ನಿರ್ಬಂಧಿಸಿದವು. ಆದುದರಿಂದ ಹೆಸರುಗಳನ್ನು ಸರಿಪಡಿಸಿಕೊಳ್ಳುವ ಕೆಲಸವು ಹೊರಡುವುದಕ್ಕೆ ಮುಂಚೆ ಆಗಬೇಕಾದದ್ದು. ಕಳೆದುಕೊಂಡ ಮೇಲೆ ಅದು ಅತ್ಯಂತ ಕಷ್ಟಸಾಧ್ಯ.

ಬ್ಯಾಂಕಿನ ಕಾರ್ಡಿನ ವಿಷಯವು ಇದಕ್ಕಿಂತ ಭಿನ್ನ. ಪಾಸ್‌ಪೋರ್ಟಿನ ನಷ್ಟದಲ್ಲಿ ದಿನಗಳ ಲೆಕ್ಕ. ಕಾರ್ಡಿನ ನಷ್ಟದಲ್ಲಿ ನಿಮಿಷಗಳ ಲೆಕ್ಕ. ನಮ್ಮ ದೇಶದಲ್ಲಿ ಕಾರ್ಡಿನಿಂದ ಆನ್‌ಲೈನಿನಲ್ಲಿ ಹಣ ತೆರಬೇಕಾದರೆ ಸಾಮಾನ್ಯವಾಗಿ ಮೊಬೈಲಿಗೆ ಬರುವ ಓಟಿಪಿ ಬೇಕು. ಆ ಕಾವಲು ಎಲ್ಲೆಡೆಯೂ ಇರುವುದೆಂದು ನಮ್ಮವರು ನಂಬಿದ್ದಾರೆ. ಹೊರದೇಶದ ಅನೇಕ ವ್ಯಾಪಾರಿಗಳ ಜಾಲತಾಣಗಳಲ್ಲಿ ಕಾರ್ಡಿನ ಮೇಲಿನ ಅಂಕೆಗಳೇ ಸಾಕಾಗಿ, ಓಟಿಪಿ ಇಲ್ಲದೆಯೇ ಹಣವು ಹೋಗಿಬಿಡುತ್ತದೆ. ಅಂಗಡಿಗಳಲ್ಲಿ ಕಾರ್ಡನ್ನು ಯಂತ್ರಕ್ಕೆ ತಾಗಿಸಿದರೆ ಸಣ್ಣ ಮೊತ್ತಕ್ಕೆ ಪಿನ್ನನ್ನೂ ಕೇಳುವುದಿಲ್ಲ. ಭಾರತೀಯ ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಹೊರಡಿಸಿದ ಆದೇಶದಿಂದಾಗಿ, ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿದ್ದು, ಹೊರದೇಶದ ಬಳಕೆಯನ್ನು ಖಾತೆದಾರನೇ ತೆರೆಯಬೇಕು, ಮುಚ್ಚಬೇಕು, ಮಿತಿಯನ್ನು ಗೊತ್ತುಮಾಡಬೇಕು. ಹೊರಡುವ ಮುನ್ನ ಎಲ್ಲವನ್ನೂ ತೆರೆದು ಮಿತಿಯನ್ನು ಗರಿಷ್ಠಕ್ಕೆ ಏರಿಸಿ ಹೋಗುವ ಪದ್ಧತಿಯು ಅನರ್ಥಕ್ಕೆ ಆಹ್ವಾನ.

ಕಾರ್ಡು ಕಾಣದಾದ ಒಡನೆಯೇ ಅದನ್ನು ಸ್ಥಗಿತಗೊಳಿಸಬೇಕೆಂಬುದು ಎಲ್ಲರಿಗೂ ಗೊತ್ತು, ಹೇಗೆಂಬುದು ಗೊತ್ತಿರುವುದಿಲ್ಲ. ಬ್ಯಾಂಕುಗಳ ಶುಲ್ಕರಹಿತ ದೂರವಾಣಿಯ ಸಂಖ್ಯೆಗಳು ಸಾಮಾನ್ಯವಾಗಿ ಹೊರದೇಶದಿಂದ ತಾಗುವುದಿಲ್ಲ. +91 ಸೇರಿಸಿ ಕರೆಯುವ ಬೇರೊಂದು ಸಂಖ್ಯೆಯು ಇರುತ್ತದೆ, ಅದನ್ನು ಕಾರ್ಡಿನ ಹಿಂಬದಿಯಲ್ಲಿ ಅಲ್ಲದೆ ಬೇರೆಡೆ ಬರೆದಿಟ್ಟುಕೊಂಡಿರಬೇಕು. ಊರಿನ ಸಿಮ್ ಕಾರ್ಡನ್ನು ಮನೆಯಲ್ಲಿ ಬಿಟ್ಟು ಹೋದವನಿಗಂತೂ ಬ್ಯಾಂಕು ಕಳುಹಿಸುವ ಯಾವ ಸಂದೇಶವೂ ಮುಟ್ಟದು. 2017ರ ಜುಲೈ 6ರ ರಿಸರ್ವ್ ಬ್ಯಾಂಕಿನ ಸುತ್ತೋಲೆಯು ಗ್ರಾಹಕನಿಗೆ ದೊಡ್ಡ ರಕ್ಷೆ: ಬ್ಯಾಂಕಿನದೂ ಗ್ರಾಹಕನದೂ ಅಲ್ಲದ ಮೂರನೆಯವರ ವಂಚನೆಯಿಂದ ಹಣ ಹೋಗಿ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಶೂನ್ಯ, ನಾಲ್ಕರಿಂದ ಏಳು ದಿನಗಳಾದರೆ ಹೊಣೆಗೆ ಒಂದು ಮಿತಿ, ಸಾಮಾನ್ಯ ಉಳಿತಾಯ ಖಾತೆಗೆ ಅದು 10,000 ರೂಪಾಯಿ. ಪಿನ್ನನ್ನು ಕಾರ್ಡಿನೊಡನೆಯೇ ಬರೆದಿಟ್ಟಂಥ ಅಜಾಗ್ರತೆಯಿಂದ ನಷ್ಟವಾಗಿದ್ದರೂ, ತಿಳಿಸಿದ ಬಳಿಕ ಆದ ನಷ್ಟವೆಲ್ಲ ಬ್ಯಾಂಕಿನದು. ತಿಳಿಸಿದ ಗಳಿಗೆಯನ್ನೂ ದೂರಿನ ಸಂಖ್ಯೆಯನ್ನೂ ಬರೆದಿಡುವುದು ಅದಕ್ಕಾಗಿಯೇ.

ಕಾರ್ಡೂ ಹೋಗಿ ಪಾಸ್‌ಪೋರ್ಟೂ ಹೋದವನಿಗೆ ಮನೆಯವರು ಹಣ ಕಳುಹಿಸುವುದೂ ಸುಲಭವಲ್ಲ. ನಗದನ್ನು ಕೊಡುವ ಕೇಂದ್ರದವರು ಗುರುತಿನ ಪತ್ರವನ್ನು ಕೇಳುತ್ತಾರೆ, ಅದೇ ಇವನಲ್ಲಿ ಇಲ್ಲ. ಜೊತೆಯಲ್ಲಿರುವ ನಂಬಿಕಸ್ಥನ ಖಾತೆಯೊಂದೇ ಆಗ ಗತಿ. ಯಾರೂ ಇಲ್ಲದವನಿಗೆ ಊಟ ವಸತಿಗಳಿಗೂ ಮರಳುವ ಟಿಕೆಟಿಗೂ ನೆರವಾಗಲೆಂದು 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯು ರಾಯಭಾರ ಕಛೇರಿಗಳ ಕೈಯಲ್ಲಿದೆ. 2015ರಿಂದ ನಡೆಯುತ್ತಿರುವ ಮದದ್ ಎಂಬ ಜಾಲತಾಣದಲ್ಲಿ ಮನೆಯವರೇ ಊರಿನಲ್ಲಿ ಕುಳಿತು ದೂರನ್ನು ದಾಖಲಿಸಬಹುದು. ಇದು ಭಿಕ್ಷೆಯಲ್ಲ, ಪ್ರಜೆಯ ಹಕ್ಕು, ಕೇಳಲು ಸಂಕೋಚಪಡಬಾರದು.

ಹಾಗಾದರೆ ಮನೆಯಲ್ಲಿ ಏನಿರಬೇಕು? ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳ, ವೀಸಾದ, ಕೆಲಸದ ಕರಾರಿನ, ನಿವಾಸದ ಚೀಟಿಯ ನಕಲುಗಳು. ಮಾಲೀಕನ ಹೆಸರು, ವಿಳಾಸ. ಕಾರ್ಡಿನ ಕೊನೆಯ ನಾಲ್ಕು ಅಂಕೆಗಳು ಮಾತ್ರ, ಪಿನ್ ಎಂದಿಗೂ ಅಲ್ಲ. ಆ ದೇಶದ ನಮ್ಮ ರಾಯಭಾರ ಕಛೇರಿಯ ದೂರವಾಣಿ. ಡಿಜಿಲಾಕರಿನಲ್ಲಿಯೂ ಇಡಬಹುದು, ಆದರೆ ಅದನ್ನು ತೆರೆಯುವುದಕ್ಕೂ ಊರಿನ ಮೊಬೈಲಿಗೆ ಬರುವ ಸಂದೇಶವೇ ಬೇಕೆಂಬುದನ್ನು ಮರೆಯದೆ, ಕಾಗದದ ಒಂದು ಪ್ರತಿಯನ್ನು ಮನೆಯ ಟ್ರಂಕಿನಲ್ಲಿ ಇರಿಸತಕ್ಕದ್ದು. ಉಕ್ರೇನಿನ ಯುದ್ಧದ ಕಾಲದಲ್ಲಿ ಮೂಲ ಅಂಕಪಟ್ಟಿಗಳನ್ನು ವಿಶ್ವವಿದ್ಯಾಲಯದಲ್ಲಿಯೇ ಬಿಟ್ಟು ಓಡಿಬಂದ ವಿದ್ಯಾರ್ಥಿಗಳ ಪಾಡನ್ನು ಬಲ್ಲ ತಂದೆತಾಯಿಗಳಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ಇದೇ ಜಿಲ್ಲೆಯಲ್ಲಿ ಫ.ಗು. ಹಳಕಟ್ಟಿಯವರು ಮನೆಮನೆಯ ಅಟ್ಟಗಳಿಂದ ಓಲೆಗಟ್ಟುಗಳನ್ನು ಇಳಿಸಿ, ನಕಲು ಮಾಡಿಸಿ, 1925ರಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿ ವಚನಗಳನ್ನು ಅಚ್ಚಿಗೆ ತಂದರು. ಒಂದೇ ಪ್ರತಿಯಲ್ಲಿ ಉಳಿದದ್ದು ಅಳಿದಂತೆಯೇ ಎಂಬ ಭಯವು ಅವರನ್ನು ಆಯುಷ್ಯವಿಡೀ ನಡೆಸಿತ್ತು.

ನಾನು ಬೇಡುವುದು ಒಂದು ಸಣ್ಣ ಏರ್ಪಾಟನ್ನು. ಹತ್ತನೆಯ ತರಗತಿಯನ್ನು ಮುಗಿಸದೆ ಕೊಲ್ಲಿಯ ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ 1983ರ ವಲಸೆ ಅಧಿನಿಯಮದ ಪ್ರಕಾರ ಸರ್ಕಾರದ ಅನುಮತಿಯು ಬೇಕು. ಅಂಥವರಿಗಾಗಿ ಪೂರ್ವಭಾವಿ ತರಬೇತಿಯ ಒಂದು ದಿನದ ಶಿಬಿರಗಳನ್ನು ವಿದೇಶಾಂಗ ಸಚಿವಾಲಯವು 2018ರಿಂದ ನಡೆಸುತ್ತಿದೆ. ಆ ಶಿಬಿರವು ಮಹಾನಗರಗಳಲ್ಲಿ ನಿಲ್ಲದೆ ಇಂಡಿಗೂ ಸಿಂದಗಿಗೂ ಬರಲಿ, ಕನ್ನಡದಲ್ಲಿ ನಡೆಯಲಿ, ಹೊರಡುವವನ ಪಕ್ಕದಲ್ಲಿ ಅವನ ಹೆಂಡತಿಯನ್ನೋ ತಂದೆಯನ್ನೋ ಕೂರಿಸಿಕೊಳ್ಳಲಿ. ನಕಲುಗಳ ಒಂದು ಲಕೋಟೆಯನ್ನು ಅಲ್ಲಿಯೇ ಸಿದ್ಧಪಡಿಸಿ ಅವರ ಕೈಗೆ ಕೊಡಲಿ. ಗ್ರಾಮ ಪಂಚಾಯತಿಯವರು ತಮ್ಮ ಊರಿನಿಂದ ಯಾರು ಯಾವ ದೇಶದಲ್ಲಿದ್ದಾರೆ, ವಿಚಾರಣೆ ಬಂದರೆ ಯಾರನ್ನು ಕೇಳಬೇಕು ಎಂಬ ಒಂದು ದಫ್ತರವನ್ನು, ಮನೆಯವರ ಒಪ್ಪಿಗೆಯ ಮೇರೆಗೆ, ಇಟ್ಟುಕೊಳ್ಳಲಿ. ಇದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಅನುದಾನವೂ ಬೇಡ. ಮುಂದಿನ ಗ್ರಾಮಸಭೆಯಲ್ಲಿ ಒಬ್ಬರು ಎದ್ದು ನಿಂತು ಠರಾವನ್ನು ಮಂಡಿಸಿದರೆ ಸಾಲೋಟಗಿಯಿಂದಲೇ ಆರಂಭವಾಗಬಹುದು.